ಲೇತಿನ ಪಕ್ಕದಲ್ಲಿ ಹುಟ್ಟಿದ ಉಪಾಯಗಳು



ಪೀಣ್ಯದ ಯಾವುದಾದರೂ ಅಡ್ಡರಸ್ತೆಯ ಸಣ್ಣ ಶೆಡ್ಡಿಗೆ ಹೋಗಿ, ಇಲ್ಲವೇ ಬೆಳಗಾವಿಯ ಉದ್ಯಮಬಾಗದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಒಂದು ವರ್ಕ್‌ಶಾಪಿನ ಒಳಗೆ ಕಾಲಿಡಿ. ಅಲ್ಲಿ ಹಿರಿಯ ಟರ್ನರ್ ಒಬ್ಬರ ಟೂಲ್ ಪೆಟ್ಟಿಗೆಯನ್ನು ಅವರ ಅನುಮತಿ ಕೇಳಿ ತೆರೆದು ನೋಡಿ. ಮೈಕ್ರೋಮೀಟರ್, ವರ್ನಿಯರ್, ಡಯಲ್ ಗೇಜ್ ಇದ್ದೇ ಇರುತ್ತವೆ. ಅವುಗಳ ಜೊತೆಗೇ ಹಳೆಯ ಬೇರಿಂಗಿನಿಂದ ಬಿಡಿಸಿದ ರೋಲರುಗಳು, ಉಜ್ಜಿ ಹರಿತ ಮಾಡಿದ ಪವರ್ ಹ್ಯಾಕ್ಸಾ ಬ್ಲೇಡಿನ ತುಂಡು, ಒಂದು ಬದಿ ಸೀಳಿದ ಹಿತ್ತಾಳೆ ಬುಷ್, ಎಣ್ಣೆ ಮೆತ್ತಿದ ಸಿಗರೇಟ್ ಪೇಪರಿನ ಕಟ್ಟು, ಸೀಮೆಸುಣ್ಣ ಸಿಗುತ್ತವೆ. ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇವಕ್ಕೆ ನಂಬರ್ ಇಲ್ಲ. ಆದರೂ ಆ ಪೆಟ್ಟಿಗೆಯಿಂದ ಇವನ್ನು ತೆಗೆದುಬಿಟ್ಟರೆ ಅವರ ಅರ್ಧ ಕೆಲಸ ನಿಂತುಹೋಗುತ್ತದೆ. ಇಂಥ ಕೈಯಾರೆ ಮಾಡಿಕೊಂಡ ಸಾಧನಗಳ ಬಗ್ಗೆ, ಉಪಾಯಗಳ ಬಗ್ಗೆ ಇವತ್ತು ಮಾತನಾಡಲು ಬಂದಿದ್ದೇನೆ.

ಇವನ್ನೆಲ್ಲ ಜುಗಾಡ್ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ, ಒಂದೇ ಮಾತಿನಲ್ಲಿ ಹೊಗಳಿ ಅಟ್ಟಕ್ಕೇರಿಸುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ವರ್ಕ್‌ಶಾಪಿನ ಉಪಾಯಗಳಲ್ಲಿ ಎರಡು ಜಾತಿ. ಕೆಲವು ಇವತ್ತಿನ ಜಾಬನ್ನು ಹೇಗಾದರೂ ಬಾಗಿಲಾಚೆ ದಾಟಿಸುತ್ತವೆ, ನಾಳೆ ಅದೇ ಜಾಬ್ ವಾಪಸ್ಸು ಬರುತ್ತದೆ. ಇನ್ನು ಕೆಲವುಗಳ ಒಳಗೆ ರೇಖಾಗಣಿತ ಇರುತ್ತದೆ, ಲೋಹದ ಗುಣ ಇರುತ್ತದೆ, ರಸಾಯನ ಇರುತ್ತದೆ. ಈ ಎರಡನೆಯ ಜಾತಿಯದು ವಿದ್ಯೆ. ಎರಡನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಇದು ಏಕೆ ಕೆಲಸ ಮಾಡುತ್ತದೆ? ಕಾರಣ ಹೇಳಲು ಬಂದರೆ ಆ ಉಪಾಯ ಯಾವಾಗ ಕೈಕೊಡುತ್ತದೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಸರಳವಾದುದರಿಂದ ಶುರುಮಾಡುತ್ತೇನೆ. ಲೇತಿನಲ್ಲಿ ಟೂಲಿನ ಮೊನೆ ಜಾಬಿನ ಸೆಂಟರಿನ ಎತ್ತರಕ್ಕೆ ಸರಿಯಾಗಿ ಇರಬೇಕು. ಮೇಲಾದರೆ ಟೂಲ್ ಕತ್ತರಿಸದೆ ಉಜ್ಜುತ್ತದೆ. ಕೆಳಗಾದರೆ ಫೇಸಿಂಗ್ ಮಾಡುವಾಗ ನಡುವೆ ಒಂದು ಮೊಳಕೆ ಉಳಿಯುತ್ತದೆ, ಸಣ್ಣ ಜಾಬಾದರೆ ಟೂಲಿನ ಮೇಲೆ ಹತ್ತಿ ಕುಳಿತುಬಿಡುತ್ತದೆ. ಟೇಲ್‌ಸ್ಟಾಕಿನ ಸೆಂಟರಿಗೆ ಹಿಡಿದು ನೋಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಪ್ರತಿ ಸಲ ಟೇಲ್‌ಸ್ಟಾಕನ್ನು ಎಳೆದು ತರುವ ಬದಲು ಆರು ಇಂಚಿನ ತೆಳು ಸ್ಟೀಲ್ ಸ್ಕೇಲನ್ನು ತೆಗೆದುಕೊಳ್ಳಿ. ಲೇತ್ ನಿಂತಿರಲಿ. ದುಂಡಗಿನ ಜಾಬಿಗೂ ಟೂಲಿನ ಮೊನೆಗೂ ನಡುವೆ ಸ್ಕೇಲನ್ನು ನಿಲ್ಲಿಸಿ, ಕ್ರಾಸ್ ಸ್ಲೈಡನ್ನು ಮೆಲ್ಲಗೆ ತಿರುಗಿಸಿ, ಸ್ಕೇಲ್ ಬೀಳದಷ್ಟು ಮಾತ್ರ ಒತ್ತಿ ಹಿಡಿಸಿ. ಈಗ ಸ್ಕೇಲನ್ನು ನೋಡಿ. ನೆಟ್ಟಗೆ ನಿಂತಿದ್ದರೆ ಟೂಲ್ ಸೆಂಟರಿನಲ್ಲಿದೆ. ಸ್ಕೇಲಿನ ತಲೆ ನಿಮ್ಮ ಕಡೆಗೆ ವಾಲಿದರೆ ಟೂಲ್ ಕೆಳಗಿದೆ, ಜಾಬಿನ ಕಡೆಗೆ ವಾಲಿದರೆ ಟೂಲ್ ಮೇಲಿದೆ.

ಏಕೆ ಹೀಗೆ? ಶಾಲೆಯಲ್ಲಿ ಎಲ್ಲರೂ ಓದಿದ್ದೇ. ವೃತ್ತಕ್ಕೆ ಒಂದು ಬಿಂದುವಿನಲ್ಲಿ ಎಳೆದ ಸ್ಪರ್ಶಕವು ಅಲ್ಲಿಗೆ ಎಳೆದ ತ್ರಿಜ್ಯಕ್ಕೆ ಲಂಬವಾಗಿರುತ್ತದೆ. ಟೂಲಿನ ಮೊನೆ ಸೆಂಟರಿನ ಎತ್ತರದಲ್ಲಿದ್ದಾಗ ತ್ರಿಜ್ಯ ಅಡ್ಡಡ್ಡವಾಗಿರುತ್ತದೆ, ಆದ್ದರಿಂದ ಸ್ಕೇಲ್ ನೆಟ್ಟಗೆ ನಿಲ್ಲುತ್ತದೆ. ಮೊನೆ ಸ್ವಲ್ಪ ಏರುಪೇರಾದರೂ ತ್ರಿಜ್ಯ ಓರೆಯಾಗುತ್ತದೆ, ಅದರ ಜೊತೆಗೆ ಸ್ಕೇಲೂ ಓರೆಯಾಗುತ್ತದೆ. ಕಾರಣ ಗೊತ್ತಾದ ಕೂಡಲೇ ಇನ್ನೊಂದು ವಿಷಯ ಹೊಳೆಯಬೇಕು: ಜಾಬಿನ ವ್ಯಾಸ ಚಿಕ್ಕದಾದಷ್ಟೂ ಅದೇ ತಪ್ಪಿಗೆ ಸ್ಕೇಲ್ ಹೆಚ್ಚು ವಾಲುತ್ತದೆ. ಹಾಗಾಗಿ 10 ಮಿಲಿಮೀಟರಿನ ರಾಡಿನ ಮೇಲೆ ಈ ಪರೀಕ್ಷೆ ತುಂಬ ಸೂಕ್ಷ್ಮ, 200 ಮಿಲಿಮೀಟರಿನ ಜಾಬಿನ ಮೇಲೆ ಇದನ್ನು ನಂಬುವ ಹಾಗಿಲ್ಲ. ಬರೀ ಉಪಾಯ ಕಲಿತವನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಇದೇ ತತ್ವ ಡ್ರಿಲ್ಲಿಂಗ್ ಮೆಷಿನ್ನಿಗೂ ಬರುತ್ತದೆ. ದುಂಡು ರಾಡಿನ ನೆತ್ತಿಯ ಮೇಲೆ ಸರಿಯಾಗಿ ಅಡ್ಡ ತೂತು ಹಾಕಬೇಕೆಂದರೆ, ರಾಡಿನ ಮೇಲೆ ಸ್ಕೇಲನ್ನು ಮಲಗಿಸಿ ಡ್ರಿಲ್ ಚಕ್ಕಿನಲ್ಲಿ ಹಿಡಿದ ಚೂಪು ಮೊನೆಯನ್ನು ಅದರ ಮೇಲೆ ಇಳಿಸಿ. ಸ್ಕೇಲ್ ಸಮತಟ್ಟಾಗಿ ನಿಂತರೆ ನೆತ್ತಿ ಸಿಕ್ಕಿತು.

ಇನ್ನು ಸಿಗರೇಟ್ ಪೇಪರ್. ಮಿಲ್ಲಿಂಗ್‌ನಲ್ಲಿ ಕಟ್ಟರ್ ಜಾಬಿನ ಅಂಚನ್ನು ಎಲ್ಲಿ ಮುಟ್ಟುತ್ತದೆ ಎಂದು ತಿಳಿಯಲು ಎಡ್ಜ್ ಫೈಂಡರ್ ಎಂಬ ಸಾಧನವಿದೆ. ಅದಿಲ್ಲದ ಕಡೆ ಈ ಕಾಗದ ಸಾಕು. ಇದರ ದಪ್ಪ ಮಿಲಿಮೀಟರಿನ ನೂರರಲ್ಲಿ ಎರಡು ಎರಡೂವರೆ ಪಾಲಿನಷ್ಟು. ಅಂದಾಜು ಬೇಡ, ನಿಮ್ಮ ಮೈಕ್ರೋಮೀಟರಿನಲ್ಲೇ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಕಾಗದದ ಚೂರಿಗೆ ಎಣ್ಣೆ ಸವರಿ ಜಾಬಿನ ಅಂಚಿಗೆ ಅಂಟಿಸಿ, ತಿರುಗುವ ಕಟ್ಟರನ್ನು ನಿಧಾನವಾಗಿ ಹತ್ತಿರ ತನ್ನಿ. ಕಾಗದ ಸರಕ್ಕನೆ ಕಿತ್ತುಹೋದ ಗಳಿಗೆಯಲ್ಲಿ ಕಟ್ಟರಿಗೂ ಜಾಬಿಗೂ ಕಾಗದದ ದಪ್ಪದಷ್ಟೇ ಅಂತರ. ಕಟ್ಟರನ್ನು ಮೇಲೆತ್ತಿ, ಅದರ ಅರ್ಧ ವ್ಯಾಸಕ್ಕೆ ಕಾಗದದ ದಪ್ಪ ಕೂಡಿಸಿ ಟೇಬಲನ್ನು ಸರಿಸಿದರೆ ಸ್ಪಿಂಡಲಿನ ಸೆಂಟರ್ ಸರಿಯಾಗಿ ಅಂಚಿನ ಮೇಲೆ ಬರುತ್ತದೆ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಕಾಗದವನ್ನು ಬೆರಳಿನಲ್ಲಿ ಹಿಡಿಯಬಾರದು. ಎಣ್ಣೆ ಇರುವುದು ಅದಕ್ಕೇ.

ಅದೇ ಕಾಗದದ ಇನ್ನೊಂದು ಉಪಯೋಗ ನನಗೆ ಇನ್ನೂ ಇಷ್ಟ. ವೈಸಿನಲ್ಲಿ ಪ್ಯಾರಲೆಲ್‌ಗಳ ಮೇಲೆ ಜಾಬ್ ಪೂರ್ತಿ ಕುಳಿತಿದೆಯೇ ಎಂದು ಸುತ್ತಿಗೆ ಬಡಿದು ಶಬ್ದ ಕೇಳುವವರು ಬಹಳ. ಅದರ ಬದಲು ನಾಲ್ಕು ಮೂಲೆಯಲ್ಲೂ ಜಾಬಿನ ಕೆಳಗೆ ಒಂದೊಂದು ಕಾಗದದ ಪಟ್ಟಿ ಇಟ್ಟು ವೈಸ್ ಬಿಗಿ ಮಾಡಿ, ಒಂದೊಂದನ್ನೇ ಎಳೆದು ನೋಡಿ. ಯಾವುದು ಸಡಿಲವಾಗಿ ಬರುತ್ತದೋ ಆ ಮೂಲೆ ಎದ್ದಿದೆ. ಏಕೆ ಏಳುತ್ತದೆ? ವೈಸಿನ ಸರಿಯುವ ದವಡೆ ಬಿಗಿ ಮಾಡುವಾಗ ಕೂದಲೆಳೆಯಷ್ಟು ಮೇಲೆ ಎದ್ದು ಜಾಬನ್ನೂ ಎತ್ತುತ್ತದೆ. ಅದಕ್ಕೂ ಮನೆಮದ್ದು ಇದೆ. ಸರಿಯುವ ದವಡೆಗೂ ಜಾಬಿಗೂ ನಡುವೆ ಒಂದು ದುಂಡು ರಾಡ್ ಅಡ್ಡ ಇಟ್ಟು ಬಿಗಿ ಮಾಡಿ. ದುಂಡು ರಾಡ್ ಒಂದೇ ಗೆರೆಯಲ್ಲಿ ಮುಟ್ಟುವುದರಿಂದ ದವಡೆಯ ಓರೆ ಜಾಬಿಗೆ ತಗಲುವುದಿಲ್ಲ, ಜಾಬಿನ ಒಳ್ಳೆಯ ಮುಖ ಸ್ಥಿರ ದವಡೆಗೆ ಪೂರ್ತಿ ಒರಗಿ ಕೂರುತ್ತದೆ. ಒಂದು ಬದಿ ಒರಟಾಗಿರುವ ಎರಕದ ಜಾಬಿಗೆ ಇದಕ್ಕಿಂತ ಒಳ್ಳೆಯ ಹಿಡಿತ ನನಗೆ ಗೊತ್ತಿಲ್ಲ.

ಮನೆಯಲ್ಲಿ ಮಾಡಿಕೊಂಡ ಸಾಧನದಿಂದ ನಿಖರ ಕೆಲಸ ಆಗುವುದಿಲ್ಲ ಎನ್ನುವವರಿಗೆ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಜೊಹಾನ್ಸನ್ ಅವರ ವಿಷಯ ಹೇಳಬೇಕು. ಜಗತ್ತಿನ ಎಲ್ಲ ಕಾರ್ಖಾನೆಗಳ ಅಳತೆಗೂ ತಾಯಿಬೇರಾದ ಸ್ಲಿಪ್ ಗೇಜ್ ಇವರ ಕೊಡುಗೆ. ಎಸ್ಕಿಲ್ಸ್ಟೂನಾದ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರಿಗೆ, ಒಂದೊಂದು ಅಳತೆಗೂ ಒಂದೊಂದು ಗೇಜ್ ಮಾಡುವ ಬದಲು ಕೆಲವೇ ಉಕ್ಕಿನ ತುಂಡುಗಳನ್ನು ಜೋಡಿಸಿ ಬೇಕಾದ ಅಳತೆ ಪಡೆಯಬಹುದೆಂದು ಹೊಳೆಯಿತು. 102 ತುಂಡುಗಳ ಒಂದು ಸೆಟ್ಟಿನಿಂದ ಮಿಲಿಮೀಟರಿನ ನೂರನೇ ಒಂದು ಪಾಲಿನ ಹೆಜ್ಜೆಯಲ್ಲಿ 20,000 ಅಳತೆಗಳು. 1896ರ ಸುಮಾರಿನಲ್ಲಿ ಆ ತುಂಡುಗಳನ್ನು ಕೊನೆಯ ಅಳತೆಗೆ ಉಜ್ಜಿ ನಯಗೊಳಿಸಲು ಅವರು ಮನೆಯಲ್ಲಿ ಬಳಸಿದ್ದು ಹೊಲಿಗೆ ಯಂತ್ರವನ್ನು. ಹೆಂಡತಿಯ ಹೊಲಿಗೆ ಯಂತ್ರವನ್ನೇ ಉಜ್ಜುವ ಯಂತ್ರವಾಗಿ ಮಾರ್ಪಡಿಸಿಕೊಂಡಿದ್ದರು. ಮುಂದೆ 1923ರಲ್ಲಿ ಹೆನ್ರಿ ಫೋರ್ಡ್ ಜೊಹಾನ್ಸನ್ ಅವರನ್ನು ತಮ್ಮ ಕಂಪನಿಗೆ ಸೇರಿಸಿಕೊಂಡರು. ಬೆಂಗಳೂರಿನ ಯಾವ ಸ್ಟ್ಯಾಂಡರ್ಡ್ ರೂಮಿಗೆ ಹೋದರೂ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತಿರುವ ಸ್ಲಿಪ್ ಗೇಜ್‌ಗಳ ವಂಶದ ಮೂಲದಲ್ಲಿ ಒಂದು ಹೊಲಿಗೆ ಯಂತ್ರವಿದೆ.

ಇದಕ್ಕಿಂತ ಹಳೆಯದು ಮೂರು ಪ್ಲೇಟುಗಳ ಕಥೆ. ನಿಮ್ಮ ಹತ್ತಿರ ಸಮತಟ್ಟಾದ ಒಂದೇ ಒಂದು ವಸ್ತುವೂ ಇಲ್ಲ ಎಂದಿಟ್ಟುಕೊಳ್ಳಿ. ಸರ್ಫೇಸ್ ಪ್ಲೇಟ್ ಮಾಡುವುದು ಹೇಗೆ? ಎರಡು ಪ್ಲೇಟನ್ನು ನೀಲಿ ಬಣ್ಣ ಹಚ್ಚಿ ಒಂದರ ಮೇಲೊಂದು ಉಜ್ಜಿ, ಬಣ್ಣ ಹತ್ತಿದ ಕಡೆ ಸ್ಕ್ರೇಪರಿನಿಂದ ಕೆರೆಯುತ್ತ ಹೋದರೆ ಎರಡೂ ಪೂರ್ತಿ ಹೊಂದಿಕೊಳ್ಳುತ್ತವೆ. ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿದ್ದರೂ ಅವು ಹೊಂದಿಕೊಂಡೇ ಇರುತ್ತವಲ್ಲ! ಮೂರನೆಯ ಪ್ಲೇಟ್ ಬಂದಾಗ ಈ ಮೋಸ ಸಿಕ್ಕಿಬೀಳುತ್ತದೆ. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ ಹೊಂದಬೇಕೆಂದರೆ ಮೂರೂ ಉಬ್ಬಾಗಿರಲು ಸಾಧ್ಯವಿಲ್ಲ, ಮೂರೂ ತಗ್ಗಾಗಿರಲೂ ಸಾಧ್ಯವಿಲ್ಲ. ಸಮತಟ್ಟಾಗುವುದೊಂದೇ ದಾರಿ. ಉಜ್ಜುವಾಗ ಪ್ಲೇಟುಗಳನ್ನು ಅಡ್ಡಕ್ಕೂ ತಿರುಗಿಸಿ ಹೊಂದಿಸಬೇಕು, ಇಲ್ಲದಿದ್ದರೆ ತಿರುಚು ಒಳಗೇ ಉಳಿಯುತ್ತದೆ. ಲಂಡನ್ನಿನ ಹೆನ್ರಿ ಮಾಡ್ಸ್ಲೆಯವರ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ಸಭೆಯೊಂದರಲ್ಲಿ ಈ ವಿಧಾನವನ್ನು ವಿವರಿಸಿದರು. ಯಾವ ನಿಖರ ವಸ್ತುವಿನ ಸಹಾಯವೂ ಇಲ್ಲದೆ ನಿಖರತೆಯನ್ನು ಹುಟ್ಟಿಸಬಹುದು ಎಂಬುದು ನನ್ನ ಕಣ್ಣಿಗೆ ಯಂತ್ರಶಿಲ್ಪದ ಅತಿ ದೊಡ್ಡ ಉಪಾಯ. ಇಂದು ಸಣ್ಣ ಶೆಡ್ಡಿನವರು ಒರಟು ಕೆಲಸಕ್ಕೆ ಗಾಜಿನ ಅಂಗಡಿಯಿಂದ 12 ಮಿಲಿಮೀಟರ್ ದಪ್ಪದ ಗಾಜಿನ ತುಂಡು ತಂದು, ಅದರ ಮೇಲೆ ಎಮರಿ ಪೇಪರ್ ಹಾಸಿ ಜಾಬನ್ನು ಉಜ್ಜಿಕೊಳ್ಳುತ್ತಾರೆ. ಅದೂ ತಪ್ಪಲ್ಲ.

ನಮ್ಮ ರಾಜ್ಯದ ಸಣ್ಣ ಶೆಡ್ಡುಗಳಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು, 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿಯ ಲೇತ್‌ಗಳು ಇನ್ನೂ ದುಡಿಯುತ್ತಿವೆ. ಗಟ್ಟಿ ಮೈಯ ಯಂತ್ರಗಳು. ಆದರೆ ಹಳೆಯ ಲೇತಿನ ಕ್ರಾಸ್ ಸ್ಲೈಡಿನಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು ಮಾತ್ರ ತೆಗೆಯುವುದು ಸುಲಭವಲ್ಲ. ಹ್ಯಾಂಡಲನ್ನು ಒಂದು ಕೂದಲು ಹೆಚ್ಚು ತಿರುಗಿಸಿದರೆ ಬೇರಿಂಗ್ ಕೂರುವ ಜಾಗ ಸಣ್ಣದಾಗಿ ಶಾಫ್ಟ್ ಗುಜರಿಗೆ. ಇಲ್ಲಿ ಹಳೆಯ ಟರ್ನರುಗಳು ಕಾಂಪೌಂಡ್ ಸ್ಲೈಡನ್ನು ಲೇತಿನ ಉದ್ದಕ್ಕೆ 5 ಡಿಗ್ರಿ 44 ಮಿನಿಟಿನಷ್ಟು ಓರೆ ತಿರುಗಿಸಿ ಇಡುತ್ತಾರೆ. ಈ ಕೋನದ ಸೈನ್ ಬೆಲೆ ಸರಿಸುಮಾರು ಹತ್ತನೇ ಒಂದು. ಅಂದರೆ ಕಾಂಪೌಂಡ್ ಸ್ಲೈಡನ್ನು ಒಂದು ಹತ್ತಾಂಶ ಮಿಲಿಮೀಟರ್ ಮುಂದೆ ತಳ್ಳಿದರೆ ಟೂಲ್ ಜಾಬಿನ ಒಳಕ್ಕೆ ಹೋಗುವುದು ನೂರನೇ ಒಂದು ಪಾಲು ಮಾತ್ರ. ವ್ಯಾಸದಲ್ಲಿ ನೂರರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣುವ ಹತ್ತು ಗೆರೆಗಳು ಕಾಣದ ಒಂದು ಗೆರೆಯ ಕೆಲಸ ಮಾಡುತ್ತವೆ.

ಸವೆದ ಡಿಗ್ರಿ ಗೆರೆ ನೋಡಿ 44 ಮಿನಿಟ್ ಇಡಲು ಯಾರಿಂದಲೂ ಆಗದು. ಆದ್ದರಿಂದ ಕಾಂಪೌಂಡಿನ ಮೇಲೆ ಡಯಲ್ ಕೂರಿಸಿ, ಸೆಂಟರುಗಳ ನಡುವೆ ನೇರವಾಗಿ ಹಿಡಿದ ಗ್ರೈಂಡ್ ಮಾಡಿದ ರಾಡಿಗೆ ಅದರ ಮೊನೆ ಅಡ್ಡಡ್ಡಲಾಗಿ ಮುಟ್ಟುವಂತೆ ಮಾಡಿ. ಕಾಂಪೌಂಡನ್ನು 10 ಮಿಲಿಮೀಟರ್ ಸರಿಸಿದಾಗ ಡಯಲ್ ಸರಿಯಾಗಿ 1 ಮಿಲಿಮೀಟರ್ ತೋರಿಸುವವರೆಗೆ ಓರೆಯನ್ನು ತಿದ್ದಿ, ನಟ್ ಬಿಗಿ ಮಾಡಿ. ಹೀಗೆ ಇಟ್ಟ ಮೇಲೆ ಟೂಲ್ ಚಕ್ಕಿನ ಕಡೆಗೂ ಸರಿಯುತ್ತದೆ ಎಂಬುದು ನೆನಪಿರಲಿ, ಮೆಟ್ಟಿಲಿನ ಹತ್ತಿರ ಜೋಪಾನ. ಹ್ಯಾಂಡಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ತಂದರೆ ಸ್ಕ್ರೂವಿನ ಸಡಿಲ ನಿಮ್ಮನ್ನು ಮೋಸ ಮಾಡುವುದಿಲ್ಲ.

ಈಗ ಕಿರಾಣಿ ಅಂಗಡಿಗೆ ಹೋಗೋಣ. ಅಲ್ಲಿ ಪಟಿಕ ಸಿಗುತ್ತದೆ, ಕ್ಷೌರದ ಅಂಗಡಿಯಲ್ಲಿ ಗಡ್ಡ ಬೋಳಿಸಿದ ಮೇಲೆ ಕೆನ್ನೆಗೆ ಉಜ್ಜುವ ಅದೇ ಪಟಿಕ. ಹಿತ್ತಾಳೆಯ ದುಬಾರಿ ಜಾಬಿನಲ್ಲಿ 4 ಮಿಲಿಮೀಟರಿನ ಟ್ಯಾಪ್ ಮುರಿದು ಒಳಗೆ ಕುಳಿತಿದೆ ಎಂದುಕೊಳ್ಳಿ. ಟ್ಯಾಪ್ ಗಡಸು, ಡ್ರಿಲ್ ಹತ್ತುವುದಿಲ್ಲ. ಪಂಚಿನಲ್ಲಿ ಹೊಡೆದರೆ ಮೆತ್ತಗಿನ ಹಿತ್ತಾಳೆಯೇ ಹಾಳಾಗುತ್ತದೆ. ಆಗ ಗಾಜಿನ ಅಥವಾ ಎನಾಮಲ್ ಪಾತ್ರೆಯಲ್ಲಿ ನೀರಿಗೆ ಪಟಿಕ ಕರಗುವಷ್ಟೂ ಕರಗಿಸಿ, ಜಾಬನ್ನು ಮುಳುಗಿಸಿ, ಕುದಿಯ ಹತ್ತಿರದ ಬಿಸಿಯಲ್ಲಿ ಇಟ್ಟುಬಿಡಿ. ಪಟಿಕದ ನೀರು ಹುಳಿ ಗುಣದ್ದು. ಅದು ಕಬ್ಬಿಣವನ್ನು ನಿಧಾನವಾಗಿ ತಿನ್ನುತ್ತದೆ, ಹಿತ್ತಾಳೆಯನ್ನು ಬಿಡುತ್ತದೆ. ಟ್ಯಾಪಿನಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಕಾರ್ಬನ್ ಸ್ಟೀಲಿನ ಟ್ಯಾಪಾದರೆ ಬೇಗ, ಹೈಸ್ಪೀಡ್ ಸ್ಟೀಲಿನದಾದರೆ ಬಹಳ ತಾಳ್ಮೆ ಬೇಕು. ನೀರು ಆರಿದಂತೆ ತುಂಬುತ್ತಿರಬೇಕು. ಕೊನೆಗೆ ಕಪ್ಪು ಪುಡಿಯಾದ ಟ್ಯಾಪನ್ನು ಸೂಜಿಯಿಂದ ಕೆದಕಿ ತೆಗೆಯಬಹುದು. ಗಡಿಯಾರ ರಿಪೇರಿಯವರು ಹಿತ್ತಾಳೆ ಪ್ಲೇಟಿನಲ್ಲಿ ಮುರಿದ ಉಕ್ಕಿನ ಸ್ಕ್ರೂ ತೆಗೆಯಲು ಇದನ್ನೇ ಬಹಳ ಹಿಂದಿನಿಂದ ಮಾಡುತ್ತ ಬಂದಿದ್ದಾರೆ. ಅಲ್ಯುಮಿನಿಯಂ ಜಾಬಿಗೂ ನಡೆಯುತ್ತದೆ, ಮೇಲ್ಮೈ ಸ್ವಲ್ಪ ಮಂಕಾಗಬಹುದು. ಜಾಬೇ ಉಕ್ಕಿನದೋ ಎರಕದ ಕಬ್ಬಿಣದ್ದೋ ಆಗಿದ್ದರೆ ಟ್ಯಾಪಿನ ಜೊತೆ ಜಾಬೂ ಕರಗುತ್ತದೆ, ಅಲ್ಲಿ ಈ ಉಪಾಯದ ಹೆಸರೆತ್ತಬೇಡಿ.

ಮಲೆನಾಡಿನ ಅಡಿಕೆ ತೋಟದವರಿಗೆ ಮೈಲುತುತ್ತ ಗೊತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಸೇರುವ ನೀಲಿ ಹರಳು ಅದು. ಫಿಟ್ಟರನಿಗೆ ಅದೇ ಮಾರ್ಕಿಂಗ್ ಬಣ್ಣ. ನೀರಿನಲ್ಲಿ ಮೈಲುತುತ್ತ ಕರಗಿಸಿ, ಅದಕ್ಕೆ ಬ್ಯಾಟರಿ ಆಸಿಡ್ಡಿನ ಕೆಲವು ಹನಿ ಬಿಟ್ಟು, ಎಣ್ಣೆಯ ಪಸೆ ಇಲ್ಲದ ಉಕ್ಕಿನ ಮೇಲೆ ಸವರಿದರೆ ಕ್ಷಣದಲ್ಲಿ ತಾಮ್ರದ ತೆಳು ಪದರ ಕೂರುತ್ತದೆ. ದ್ರಾವಣದಲ್ಲಿದ್ದ ತಾಮ್ರ ಹೊರಗೆ ಬಂದು ಅದರ ಜಾಗಕ್ಕೆ ಕಬ್ಬಿಣ ಹೋಗುತ್ತದೆ. ಆ ಕೆಂಪು ಪದರದ ಮೇಲೆ ಸ್ಕ್ರೈಬರಿನಿಂದ ಎಳೆದ ಗೆರೆ ಬೆಳ್ಳಗೆ ಹೊಳೆಯುತ್ತದೆ, ಕೂಲೆಂಟ್ ಬಿದ್ದರೂ ಅಳಿಸುವುದಿಲ್ಲ. ಆಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡ್ಡಿಗೆ ಹಾಕಬಾರದು. ಕೆಲಸ ಮುಗಿದ ಮೇಲೆ ಜಾಬನ್ನು ತೊಳೆದು ಎಣ್ಣೆ ಹಚ್ಚಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಮೈಕ್ರೋಮೀಟರಿನ ಹತ್ತಿರ ಈ ಸೀಸೆ ಇಡಲೇಬೇಡಿ.

ಅಕ್ಕಸಾಲಿಗರು ಒಡವೆಯನ್ನು ಅರಗಿನ ಮೇಲೆ ಕೂರಿಸಿ ಕೆತ್ತುವುದನ್ನು ನೀವು ನೋಡಿರಬಹುದು. ಗಡಿಯಾರ ಮಾಡುವವರೂ ಸಣ್ಣ ಬಿಲ್ಲೆಗಳನ್ನು ಲೇತಿಗೆ ಅರಗಿನಲ್ಲಿ ಅಂಟಿಸಿಯೇ ತಿರುವುತ್ತಿದ್ದರು. ಚಕ್ಕಿನಲ್ಲಿ ಹಿಡಿಯಲಾಗದ ತೆಳು ತಗಡಿನ ಬಿಲ್ಲೆಗೆ ಇಂದು ಆ ಕೆಲಸವನ್ನು ಸೂಪರ್ ಗ್ಲೂ ಮಾಡುತ್ತದೆ. ಚಕ್ಕಿನಲ್ಲಿ ಒಂದು ತುಂಡು ರಾಡ್ ಹಿಡಿದು ಮುಖ ಫೇಸ್ ಮಾಡಿ, ಬಿಲ್ಲೆಯನ್ನು ಗ್ಲೂ ಹಾಕಿ ಅಂಟಿಸಿ, ಒಣಗಿದ ಮೇಲೆ ಸಣ್ಣ ಸಣ್ಣ ಕಟ್ ಕೊಟ್ಟು ತಿರುವಿ. ಬಿಸಿ ಮಾಡಿದರೆ ಗ್ಲೂ ತನ್ನ ಹಿಡಿತ ಬಿಡುತ್ತದೆ. ಹಾಗಾಗಿ ತಿರುವುವಾಗ ಜಾಬ್ ಬಿಸಿಯಾಗಲು ಬಿಡಬಾರದು, ಬಿಡಿಸುವಾಗ ಕಿಟಕಿ ತೆರೆದು ಅದರ ಹೊಗೆಯಿಂದ ದೂರ ನಿಲ್ಲಬೇಕು.

ಹಿಡಿಯುವ ವಿಷಯ ಬಂದಿದ್ದರಿಂದ ಇನ್ನೆರಡು. ಫಿನಿಶ್ ಆದ ಜಾಬಿಗೋ ಥ್ರೆಡ್ ಹಾಕಿದ ಜಾಬಿಗೋ ಚಕ್ಕಿನ ಹಲ್ಲಿನ ಗುರುತು ಬೀಳಬಾರದು ಎಂದರೆ ಆ ಅಳತೆಗೆ ಒಂದು ಬುಷ್ ಬೋರ್ ಮಾಡಿ, ಹ್ಯಾಕ್ಸಾದಲ್ಲಿ ಒಂದು ಬದಿ ಉದ್ದಕ್ಕೂ ಸೀಳಿ, ಅದರೊಳಗೆ ಜಾಬ್ ಹಿಡಿಯಿರಿ. ಅವಸರಕ್ಕೆ ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯನ್ನು ಕತ್ತರಿಸಿ ಹಲ್ಲುಗಳಿಗೆ ಸುತ್ತಿದರೂ ಆದೀತು. ಇನ್ನೊಂದು, ಮೂರು ಜಾ ಚಕ್ಕಿನಲ್ಲಿ ಎಕ್ಸೆಂಟ್ರಿಕ್ ತಿರುವುವುದು. ಎಷ್ಟು ಸೆಂಟರ್ ತಪ್ಪಬೇಕೋ ಅದರ ಒಂದೂವರೆ ಪಟ್ಟು ದಪ್ಪದ ಪ್ಯಾಕಿಂಗನ್ನು ಒಂದು ಜಾ ಕೆಳಗೆ ಇಡಿ. 2 ಮಿಲಿಮೀಟರ್ ತಪ್ಪಬೇಕಾದರೆ ಪ್ಯಾಕಿಂಗ್ 3 ಮಿಲಿಮೀಟರ್. ಜಾಬಿನ ವ್ಯಾಸಕ್ಕೆ ಹೋಲಿಸಿದರೆ ಸೆಂಟರ್ ತಪ್ಪು ಸಣ್ಣದಾಗಿದ್ದಾಗ ಈ ಲೆಕ್ಕ ಸರಿ, ದೊಡ್ಡದಾದಂತೆ ಪ್ಯಾಕಿಂಗ್ ಸ್ವಲ್ಪ ಕಡಿಮೆ ಸಾಕಾಗುತ್ತದೆ. ಯಾವುದಕ್ಕೂ ಡಯಲ್ ಇಟ್ಟು ಒಂದು ಸುತ್ತು ತಿರುಗಿಸಿ. 2 ಮಿಲಿಮೀಟರಿಗೆ ಮುಳ್ಳು ಒಟ್ಟು 4 ಮಿಲಿಮೀಟರ್ ಓಡಾಡಬೇಕು.

ಬೇರಿಂಗ್ ಕೂರಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸುತ್ತಿಗೆಯಿಂದ ಬಡಿದೇ ಕೂರಿಸುತ್ತಾರೆ. ಉಕ್ಕು ಬಿಸಿಗೆ ಹಿಗ್ಗುತ್ತದೆ. 50 ಮಿಲಿಮೀಟರ್ ಒಳವ್ಯಾಸದ ಬೇರಿಂಗನ್ನು 70 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದರ ರಂಧ್ರ ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲಿನಷ್ಟು ದೊಡ್ಡದಾಗುತ್ತದೆ. ಅಷ್ಟು ಸಾಕು, ಕೈಯಲ್ಲೇ ಜಾರಿ ಕೂರುತ್ತದೆ. ಹಳೆಯ ಫಿಟ್ಟರುಗಳು 100 ವ್ಯಾಟಿನ ಬಲ್ಬಿನ ಮೇಲೆ ಬೇರಿಂಗನ್ನು ಟೋಪಿಯಂತೆ ಇಟ್ಟು ಬಿಸಿ ಮಾಡುತ್ತಿದ್ದರು. ಎಲ್‌ಇಡಿ ಬಂದ ಮೇಲೆ ಬಿಸಿಯಾಗುವ ಬಲ್ಬು ಅಪರೂಪವಾಗಿದೆ, ಸಿಕ್ಕಿದರೆ ಒಂದನ್ನು ಶೆಡ್ಡಿನಲ್ಲಿ ಎತ್ತಿಡಿ. ಬಿಸಿ 120 ಡಿಗ್ರಿ ದಾಟಬಾರದು. ಗ್ಯಾಸಿನ ಬೆಂಕಿ ಹಿಡಿದರೆ ಬೇರಿಂಗಿನ ಗಡಸುತನವೇ ಹೋಗುತ್ತದೆ. ಇನ್ನು ಒಂದು ಬದಿ ಮುಚ್ಚಿದ ರಂಧ್ರದೊಳಗೆ ಕುಳಿತ ಬುಷ್ ತೆಗೆಯಬೇಕೇ? ರಂಧ್ರದ ತುಂಬ ಗ್ರೀಸ್ ತುಂಬಿ, ಒಳಕ್ಕೆ ಬಿಗಿಯಾಗಿ ಹೋಗುವ ಪಿನ್ ಇಟ್ಟು ಬಡಿಯಿರಿ. ಗ್ರೀಸ್ ಕುಗ್ಗುವುದಿಲ್ಲ, ಬುಷ್ಷನ್ನು ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ಗ್ರೀಸ್ ಇಲ್ಲದಿದ್ದರೆ ನೀರಿನಲ್ಲಿ ನೆನೆಸಿದ ಹಳೆಯ ಪೇಪರ್ ತುರುಕಿದರೂ ಆಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಡಿವೈಡಿಂಗ್ ಹೆಡ್ ಇಲ್ಲದೆ ಸಮಭಾಗ ಮಾಡುವುದೂ ಒಂದು ಸೊಗಸಾದ ಕೆಲಸ. ಲೇತಿನ 60 ಹಲ್ಲಿನ ಗೇರನ್ನು ಸ್ಪಿಂಡಲಿನ ಹಿಂಬದಿಗೆ ಕೂರಿಸಿ, ಹಲ್ಲಿನ ನಡುವೆ ಒಂದು ಪಿನ್ ಬಿದ್ದು ನಿಲ್ಲುವಂತೆ ಮಾಡಿಕೊಂಡರೆ 2, 3, 4, 5, 6, 10, 12 ಭಾಗಗಳೆಲ್ಲ ಸಿಗುತ್ತವೆ. 7 ಭಾಗ ಬೇಕೆಂದರೆ 60 ಒಪ್ಪುವುದಿಲ್ಲ. ಆಗ 200 ಮಿಲಿಮೀಟರಿನ ಒಂದು ಬಿಲ್ಲೆಗೆ ಕಾಗದದ ಪಟ್ಟಿಯನ್ನು ಸುತ್ತಿ, ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಿ ಬಿಚ್ಚಿ. ದೊಡ್ಡ ಹಾಳೆಯೊಂದರ ಮೇಲೆ ಸಮ ಅಂತರದ ಎಂಟು ಗೆರೆ ಎಳೆದು, ಪಟ್ಟಿಯನ್ನು ಓರೆಯಾಗಿ ಮಲಗಿಸಿ, ಅದರ ಒಂದು ತುದಿ ಮೊದಲ ಗೆರೆಗೂ ಇನ್ನೊಂದು ತುದಿ ಎಂಟನೆಯ ಗೆರೆಗೂ ತಾಗಲಿ. ನಡುವಿನ ಗೆರೆಗಳು ಪಟ್ಟಿಯನ್ನು ಏಳು ಸಮಭಾಗ ಮಾಡುತ್ತವೆ. ಗುರುತು ಹಾಕಿ ಮತ್ತೆ ಬಿಲ್ಲೆಗೆ ಅಂಟಿಸಿ. ಗುರುತಿನಲ್ಲಿ ಕಾಲು ಮಿಲಿಮೀಟರ್ ತಪ್ಪಿದರೂ 40 ಮಿಲಿಮೀಟರಿನ ಜಾಬಿನ ಮೇಲೆ ಆ ತಪ್ಪು ಐದನೇ ಒಂದಕ್ಕೆ ಇಳಿಯುತ್ತದೆ. ಬಿಲ್ಲೆ ದೊಡ್ಡದಿರಬೇಕು ಎನ್ನುವುದು ಅದಕ್ಕೇ.

ಇನ್ನು ಮಾಡಬಾರದ ಉಪಾಯಗಳು. ಇವನ್ನು ಕಟುವಾಗಿಯೇ ಹೇಳುತ್ತೇನೆ. ಚಕ್ ಕೀಗೆ ಪೈಪ್ ತೂರಿಸಿ ಬಿಗಿ ಮಾಡಬೇಡಿ, ಒಳಗಿನ ಸ್ಕ್ರೋಲ್ ಮುರಿಯುತ್ತದೆ, ತೆಳು ಜಾಬ್ ತ್ರಿಕೋನವಾಗುತ್ತದೆ. ಎಮರಿ ಪೇಪರನ್ನು ಬೆರಳಿಗೆ ಸುತ್ತಿ ತಿರುಗುವ ಜಾಬಿಗೆ ಹಿಡಿಯಬೇಡಿ. ಮರದ ಪಟ್ಟಿಗೆ ಅಂಟಿಸಿಕೊಂಡು ಹಿಡಿಯಿರಿ. ಕೈಗವಸು ಹಾಕಿ ಲೇತ್ ಓಡಿಸಬೇಡಿ. ಹಿಡಿ ಇಲ್ಲದ ಅರ ಮುಟ್ಟಬೇಡಿ. ಹಳೆಯ ಅರವನ್ನು ಉಜ್ಜಿ ಒಳ್ಳೆಯ ಸ್ಕ್ರೇಪರ್ ಮಾಡಬಹುದು, ಆದರೆ ಅದನ್ನು ಉಳಿಯಂತೆ ಸುತ್ತಿಗೆಯಿಂದ ಬಡಿದರೆ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಬೆಂಚ್ ಗ್ರೈಂಡರಿನಲ್ಲಿ ಅಲ್ಯುಮಿನಿಯಂ ಉಜ್ಜಬೇಡಿ, ಅದು ಕಲ್ಲಿನ ರಂಧ್ರಗಳಿಗೆ ಮೆತ್ತಿಕೊಂಡು ಕಲ್ಲು ಕಾದು ಒಡೆಯಬಹುದು.

ಸುರಕ್ಷತೆಗೆಂದೇ ಮಾಡಿಕೊಳ್ಳುವ ಸಾಧನಗಳೂ ಇವೆ, ನನ್ನ ಮಟ್ಟಿಗೆ ಅವೇ ಎಲ್ಲಕ್ಕಿಂತ ಮೇಲು. ಚಕ್ ಕೀಯ ಮೂತಿಗೆ ಒಂದು ಗಟ್ಟಿ ಸ್ಪ್ರಿಂಗ್ ತೂರಿಸಿ. ಕೈ ಒತ್ತಿದಾಗ ಮಾತ್ರ ಕೀ ಚಕ್ಕಿನೊಳಗೆ ಇರುತ್ತದೆ, ಬಿಟ್ಟರೆ ತಾನೇ ಹೊರಬಿದ್ದುಬಿಡುತ್ತದೆ. ಕೀಯನ್ನು ಚಕ್ಕಿನಲ್ಲೇ ಮರೆತು ಸ್ವಿಚ್ ಒತ್ತಿದಾಗ ಏನಾಗುತ್ತದೆ ಎಂದು ನೋಡಿದವರಿಗೆ ಈ ಸ್ಪ್ರಿಂಗಿನ ಬೆಲೆ ಗೊತ್ತು. ಲೋಹದ ಉದ್ದ ಸುರುಳಿಗಳನ್ನು ಎಳೆಯಲು 5 ಮಿಲಿಮೀಟರಿನ ರಾಡಿನ ತುದಿ ಬಗ್ಗಿಸಿ ಕೊಕ್ಕೆ ಮಾಡಿಕೊಳ್ಳಿ. ಅದರ ಹಿಡಿಕೆ ಮರದ್ದಿರಲಿ, ಬೆರಳು ತೂರುವ ಬಳೆಯಾಗಿರಬಾರದು. ಸುರುಳಿ ಜಾಬಿಗೆ ಸುತ್ತಿಕೊಂಡಾಗ ಕೊಕ್ಕೆ ಕೈಯಿಂದ ಜಾರಿಹೋಗಬೇಕು, ಬೆರಳನ್ನು ಎಳೆದುಕೊಂಡು ಹೋಗಬಾರದು.

ಸಿಎನ್‌ಸಿ, ವಿಎಂಸಿ ಬಂದ ಮೇಲೆ ಇದೆಲ್ಲ ಯಾಕೆ ಎಂದು ಐಟಿಐ ಮುಗಿಸಿದ ಹುಡುಗರು ನನ್ನನ್ನು ಕೇಳುತ್ತಾರೆ. ಯಂತ್ರ ಎಷ್ಟೇ ಜಾಣನಾಗಿರಲಿ, ವೈಸಿನಲ್ಲಿ ಜಾಬ್ ಓರೆ ಕುಳಿತಿದ್ದರೆ ಅದು ಓರೆಯಾಗಿಯೇ ಬಹಳ ನಿಖರವಾಗಿ ಕತ್ತರಿಸುತ್ತದೆ. ಜಾಬನ್ನು ಕೂರಿಸುವುದು, ಹಿಡಿಯುವುದು, ಸೆಂಟರ್ ಹುಡುಕುವುದು, ಕೆಟ್ಟದ್ದನ್ನು ಬಿಚ್ಚುವುದು ಇಂದಿಗೂ ಮನುಷ್ಯನ ಕೈಯಲ್ಲೇ ಇದೆ. ವಿಎಂಸಿ ಆಪರೇಟರ್‌ಗಳಲ್ಲಿ ನಾನು ಕಂಡ ಒಳ್ಳೆಯವರೆಲ್ಲ ಸಾದಾ ಲೇತಿನ ಮೇಲೆ ಪಳಗಿದವರು.

ಒಂದೇ ಕೊರಗು. ಈ ವಿದ್ಯೆ ಬಹುಪಾಲು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಕನ್ನಡದಲ್ಲಿ ಬರೆದಿಟ್ಟದ್ದು ತೀರ ಕಡಿಮೆ. ಹಿರಿಯ ಟರ್ನರ್ ಒಬ್ಬರು ನಿವೃತ್ತರಾಗಿ ಊರಿಗೆ ಹೊರಟರೆ ಅವರ ಪೆಟ್ಟಿಗೆಯ ಬುಷ್ಷುಗಳು ಯಾತಕ್ಕೆಂದು ತಿಳಿಯದೆ ಗುಜರಿಗೆ ಹೋಗುತ್ತವೆ. ಆದ್ದರಿಂದ ಈ ಮಾತು ಕೇಳುತ್ತಿರುವ ವರ್ಕ್‌ಶಾಪಿನ ಮಾಲೀಕರಲ್ಲಿ, ಐಟಿಐಗಳ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಶೆಡ್ಡಿನಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ. ಯಾರಿಗೆ ಯಾವ ಉಪಾಯ ಗೊತ್ತೋ ಅವರಿಂದ ಕನ್ನಡದಲ್ಲೇ ಬರೆಸಿ, ಪಕ್ಕದಲ್ಲಿ ಚಿತ್ರ ಹಾಕಿಸಿ, ಕೆಳಗೆ ಅದು ಏಕೆ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬ ಎರಡು ಸಾಲು ಸೇರಿಸಿ, ಬರೆದವರ ಹೆಸರನ್ನೂ ಹಾಕಿ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಕೈಗೆ ಮೊದಲ ದಿನವೇ ಆ ಪುಸ್ತಕ ಕೊಡಿ.